ಬೀಜಕ್ಕೆ ಬ್ಯಾಕ್ಟೀರಿಯಾ ಲೇಪನ: ನಾನು ಮಾಡುವ ಬಗೆ

ಕಡಲೆಗೆ ಸೊರಗು ರೋಗ ಬಂದ ಮೇಲೆ ಏನು ಸಿಂಪಡಿಸಿದರೂ ಗಿಡ ಉಳಿಯುವುದಿಲ್ಲ. ಫ್ಯುಸೇರಿಯಂ ಶಿಲೀಂಧ್ರ ಬೇರಿನೊಳಗೆ ಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಬೆಳೆ ಇಲ್ಲದಿದ್ದರೂ ಅದು ಮಣ್ಣಿನಲ್ಲಿ 6 ವರ್ಷದವರೆಗೆ ಬದುಕಿರಬಲ್ಲದು. ಅದಕ್ಕೇ ನನ್ನ ಕಾಳಜಿಯೆಲ್ಲ ಬಿತ್ತುವ ದಿನದ್ದು. ಬೀಜಕ್ಕೆ ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಬೆರೆಸಿದ ಟಾಲ್ಕ್ ಪುಡಿ ಹಚ್ಚದೆ ನಾನು ಕಡಲೆ ಬಿತ್ತುವುದಿಲ್ಲ.

ಪ್ಯಾಕೆಟ್ ಕೈಗೆ ಬಂದ ಕೂಡಲೇ ತಯಾರಾದ ತಾರೀಖು ನೋಡುತ್ತೇನೆ. ಒಳಗಿರುವುದು ಜೀವ ಅಲ್ವಾ? ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಗಟ್ಟಿ ಬೀಜಕಣವಾಗಿ ಒಣಗಿಯೂ ಬದುಕುತ್ತದೆ. ಸೂಡೊಮೊನಾಸ್‌ಗೆ ಆ ಶಕ್ತಿ ಇಲ್ಲ. ಹಳತಾದರೆ, ಬಿಸಿಲಿಗೆ ಬಿದ್ದರೆ, ಕೊನೆಗೆ ಉಳಿಯುವುದು ಬರೀ ಟಾಲ್ಕ್ ಪುಡಿ. ಜಾಸ್ತಿ ದಿನ ಇಡಬೇಕಾದವರಿಗೆ ಬ್ಯಾಸಿಲಸ್ ಸಬ್ಟಿಲಿಸ್ ವಾಸಿ ಅಂತ ನನ್ನ ಅನಿಸಿಕೆ.

ಒಂದು ಕಿಲೋ ಬೀಜಕ್ಕೆ 10 ಗ್ರಾಂ ಪುಡಿ ಹಾಕುತ್ತೇನೆ. ಅಂಟಿಗೆ ಪೂರ್ತಿ ಆರಿದ ತೆಳು ಗಂಜಿ ಸಾಕು. ಗಂಜಿ ಬೀಜದ ಮೈಗೆ ತೆಳ್ಳಗೆ ಹತ್ತಬೇಕು, ಬೀಜ ನೆನೆಯಬಾರದು. ಮೇಲೆ ಪುಡಿ ಉದುರಿಸಿ ಮೆಲ್ಲಗೆ ಹೊರಳಾಡಿಸುತ್ತೇನೆ. ಜೋರಾಗಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಆಮೇಲೆ ಗೋಣಿ ತಾಟಿನ ಮೇಲೆ ನೆರಳಲ್ಲಿ ಹರವಿ, ಕೈಗೆ ಅಂಟದಷ್ಟು ಆರಿದ ಮೇಲೆ ಅವತ್ತೇ ಬಿತ್ತನೆ. ಮಣ್ಣಲ್ಲಿ ತೇವ ಇರಲೇಬೇಕು.

ಇದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಮೊಳಕೆ ಒಡೆಯುವಾಗ ಬೀಜದಿಂದ, ಎಳೆ ಬೇರಿನಿಂದ ಸಕ್ಕರೆಯಂಥ ಆಹಾರ ಹೊರಗೆ ಸೋರುತ್ತದೆ. ರೋಗದ ಶಿಲೀಂಧ್ರ ಅದರ ಜಾಡು ಹಿಡಿದೇ ಬರುವುದು. ಬಸ್ಸಿನಲ್ಲಿ ಮೊದಲೇ ಹತ್ತಿ ಸೀಟು ಹಿಡಿದವರ ಹಾಗೆ ನಮ್ಮ ಬ್ಯಾಕ್ಟೀರಿಯಾ ಆಗಲೇ ಅಲ್ಲಿ ಕೂತಿರುತ್ತದೆ. ಸುಮ್ನೆ ಕೂರುವುದೂ ಇಲ್ಲ. ಸುತ್ತಲಿನ ಕಬ್ಬಿಣದ ಅಂಶವನ್ನು ಬಾಚಿಕೊಂಡು ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತದೆ. ಕಬ್ಬಿಣ ಹಿಡಿಯುವ ಆ ಹಳದಿ-ಹಸಿರು ವಸ್ತುವೇ ನೇರಳಾತೀತ ಬೆಳಕಿನಲ್ಲಿ ಹೊಳೆಯುವುದು. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಶಿಲೀಂಧ್ರವನ್ನು ತಡೆಯುವ ವಿಷವನ್ನೂ ಬಿಡುತ್ತವೆ. ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ತಳಿಗಳೂ ಇವೆ.

ತಾಮ್ರದ ಔಷಧಿ, ಸ್ಟ್ರೆಪ್ಟೊಮೈಸಿನ್ ಇದರ ಜೊತೆ ಬೇಡವೇ ಬೇಡ, ಅವು ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ಬೇರಿನ ಗಂಟಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾದ ಜೊತೆ ಸಾಮಾನ್ಯವಾಗಿ ಹೊಂದುತ್ತದೆ, ಆದರೂ ಪ್ಯಾಕೆಟ್ ಮೇಲಿನ ಸೂಚನೆ ಓದಿಯೇ ಸೇರಿಸುತ್ತೇನೆ.

ಪ್ರತಿ ಸಲ ಕೆಲವು ಸಾಲು ಲೇಪನವಿಲ್ಲದೆ ಬಿಡುತ್ತೇನೆ. ಇಲ್ಲದಿದ್ದರೆ ಲಾಭ ಆಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಸೊರಗಿದ ಗಿಡ ಕಿತ್ತು ಬುಡವನ್ನು ಉದ್ದಕ್ಕೆ ಸೀಳಿ ನೋಡುತ್ತೇನೆ. ಒಳಗೆ ಕಂದು ಗೆರೆ ಇದ್ದರೆ ಅದು ಸೊರಗು ರೋಗ. ಗೆರೆ ಇಲ್ಲದಿದ್ದರೆ ನೀರು, ಹುಳು, ಬೇರು ಕೊಳೆ, ಬೇರೆ ಕಾರಣ ಹುಡುಕಬೇಕು. ಲೇಪನ ಮಾಡಿದ ಸಾಲುಗಳಲ್ಲಿ ಕಂದು ಗೆರೆಯ ಗಿಡ ಕಡಿಮೆ ಸಿಗುತ್ತವೆ, ಆದರೆ ಸಿಗುವುದೇ ಇಲ್ಲ ಅಂತಲ್ಲ. ರೋಗ ತುಂಬಾ ಬೇರೂರಿದ ತುಂಡು ಜಮೀನಿಗೆ ರೋಗ ತಡೆಯುವ ಕಡಲೆ ತಳಿಯನ್ನೇ ಆರಿಸಿ, ಅದರ ಬೀಜಕ್ಕೂ ಲೇಪನ ಮಾಡಿ ಬಿತ್ತುತ್ತೇನೆ.