ನಟ್ ಬಿಗಿದ ಮಾತ್ರಕ್ಕೆ ಲೀಕ್ ನಿಲ್ಲುವುದಿಲ್ಲ: ತಾಮ್ರದ ಪೈಪಿಗೆ ಫ್ಲೇರ್ ಮಾಡುವುದು ಹೀಗೆ

ಎಸಿಯ ಎರಡು ಘಟಕಗಳನ್ನು ಜೋಡಿಸುವ ತಾಮ್ರದ ಪೈಪನ್ನು ನೋಡಿರುತ್ತೀರಿ. ಅದರ ತುದಿಯಲ್ಲಿ ಒಂದು ಹಿತ್ತಾಳೆ ನಟ್ ಇರುತ್ತದೆ. ಅದನ್ನು ಬಿಚ್ಚಿದರೆ ಪೈಪಿನ ಬಾಯಿ ಲಾಳಿಕೆಯಂತೆ ಅಗಲವಾಗಿರುವುದು ಕಾಣುತ್ತದೆ. ಅದೇ ಫ್ಲೇರ್. ಬೆಸುಗೆ ಬೇಡ, ವಾಷರ್ ಬೇಡ, ಬೇಕೆಂದಾಗ ಬಿಚ್ಚಿ ಮತ್ತೆ ಜೋಡಿಸಬಹುದು.

ಇಲ್ಲಿ ಬಹಳ ಜನ ಎಡವುತ್ತಾರೆ. ಸೋರದಂತೆ ತಡೆಯುವುದು ನಟ್ಟಿನ ಥ್ರೆಡ್ ಅಲ್ಲ. ಅಗಲಿಸಿದ ಬಾಯಿ ಫಿಟ್ಟಿಂಗಿನ (ಪೈಪ್ ಬಂದು ಕೂರುವ ಎದುರು ಭಾಗದ) ಇಳಿಜಾರು ಮೂತಿಗೆ ಒತ್ತಿಕೊಂಡಿರುತ್ತದಲ್ಲ, ತಡೆಯುವುದು ಅದು. ನಟ್ ಒತ್ತಿ ಹಿಡಿಯುತ್ತದೆ, ಅಷ್ಟೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದು ಸುಮ್ನೆ ದಂಡ.

ಮೊದಲು ಪೈಪ್ ನೋಡಿ. ಸುರುಳಿ ಸುತ್ತಿ ಬರುವ ಮೆತ್ತನೆ ತಾಮ್ರವೇ ಆಗಬೇಕು. ನೇರ ಕೋಲಿನಂತೆ ಬರುವ ಗಡಸು ಪೈಪಿನ ಬಾಯಿ ಅಗಲಿಸಹೋದರೆ ಸೀಳುತ್ತದೆ. ಫ್ಲೇರಿನ ಕೋನವೂ ಫಿಟ್ಟಿಂಗಿಗೆ ಹೊಂದಬೇಕು. ಎಸಿ, ಫ್ರಿಜ್ ಕೆಲಸಕ್ಕೆ 45 ಡಿಗ್ರಿ, ಹೈಡ್ರಾಲಿಕ್ ಲೈನುಗಳಿಗೆ ಸಾಮಾನ್ಯವಾಗಿ 37 ಡಿಗ್ರಿ. ನೋಡಲು ಒಂದೇ ಥರ ಕಂಡರೂ ಒಂದಕ್ಕೊಂದು ಕೂರುವುದಿಲ್ಲ.

ಹ್ಯಾಕ್ಸಾ ಬ್ಲೇಡ್ ಬದಿಗಿಡಿ. ಅದರಲ್ಲಿ ಕೊಯ್ದರೆ ತುದಿ ಓರೆಯಾಗುತ್ತದೆ, ಪುಡಿ ಒಳಗೆ ಬೀಳುತ್ತದೆ. ಟ್ಯೂಬ್ ಕಟರ್ ಹಿಡಿದು ಪೈಪಿನ ಸುತ್ತ ತಿರುಗಿಸಿ. ಪ್ರತಿ ಸುತ್ತಿಗೆ ಹಿಡಿಯನ್ನು ಸ್ವಲ್ಪವೇ ಬಿಗಿ ಮಾಡಿ. ಅವಸರ ಮಾಡಿದರೆ ಪೈಪ್ ಚಪ್ಪಟೆಯಾಗುತ್ತದೆ.

ಈಗ ಕಿರುಬೆರಳಿನ ಉಗುರನ್ನು ಬಾಯಿಯ ಒಳಗಡೆ ಮೆಲ್ಲಗೆ ಆಡಿಸಿ. ಒಳಕ್ಕೆ ಮಡಿಸಿಕೊಂಡ ಚೂಪು ಅಂಚು ತಾಗುತ್ತದೆ. ಕಟರಿನ ಚಕ್ರ ಒತ್ತಿ ಬಿಟ್ಟ ಅಂಚು ಅದು. ಹಾಗೇ ಬಿಟ್ಟರೆ ಫ್ಲೇರ್ ಮುಖದ ಮೇಲೆ ಗೆರೆ ಬೀಳುತ್ತದೆ, ಆ ಗೆರೆಯಲ್ಲೇ ಗ್ಯಾಸ್ ಹೊರಡುತ್ತದೆ. ಪೈಪಿನ ಬಾಯಿಯನ್ನು ಕೆಳಮುಖ ಮಾಡಿ ರೀಮರ್ (ಒಳಅಂಚು ಕೆರೆಯುವ ಸಾಧನ) ಆಡಿಸಿ. ಆಗ ಚೂರು ಒಳಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಅತಿಯಾಗಿ ಕೆರೆಯಬೇಡಿ. ಅಂಚು ತೆಳುವಾದರೆ ಅಗಲಿಸುವಾಗ ಬಿರಿಯುತ್ತದೆ. ನನ್ನ ಕೇಳಿದರೆ ಅರ್ಧ ಕೆಲಸ ಇಲ್ಲೇ ಇದೆ.

ನಟ್ ಹಾಕಿದಿರಾ? ಫ್ಲೇರ್ ಆದ ಮೇಲೆ ಅದು ಒಳಗೆ ಹೋಗುವುದಿಲ್ಲ. ಚೆಂದದ ಫ್ಲೇರ್ ಮಾಡಿ, ನಟ್ ಮೇಜಿನ ಮೇಲೇ ಉಳಿದಿರುವುದನ್ನು ನೋಡಿ ಪೈಪನ್ನು ಮತ್ತೆ ಕತ್ತರಿಸಿದ್ದು ನನಗೆ ಒಂದು ಸಲದ ಅನುಭವ ಅಲ್ಲ!

ಪೈಪನ್ನು ಫ್ಲೇರಿಂಗ್ ಟೂಲಿನ ತೂತುಗಳಿರುವ ಪಟ್ಟಿಯಲ್ಲಿ, ಅಳತೆಗೆ ಸರಿಯಾದ ತೂತಿನಲ್ಲಿ ಜಾರದಂತೆ ಬಿಗಿಯಿರಿ. ತುದಿ ಎಷ್ಟು ಮೇಲೆ ಚಾಚಿರಬೇಕು ಎನ್ನುವುದು ಟೂಲಿನ ಮೇಲೆ ಹೋಗುತ್ತದೆ. ಕೆಲವದರಲ್ಲಿ ಪಟ್ಟಿಗೆ ಸಮ, ಕೆಲವದರಲ್ಲಿ 1ರಿಂದ 1.5 ಮಿ.ಮೀ. ಟೂಲಿನ ಜೊತೆ ಬಂದ ಚೀಟಿ ನೋಡಿ. ಆ ಎಸಿ ಅಥವಾ ಫ್ರಿಜ್ಜಿಗೆ ಹೊಂದುವ ಎಣ್ಣೆಯನ್ನು ಬಾಯಿ ಅಗಲಿಸುವ ಟೂಲಿನ ಕೋನ್ ಮೂತಿಗೆ ಒಂದು ಹನಿ ಸವರಿ, ನಿಧಾನವಾಗಿ ತಿರುಗಿಸುತ್ತಾ ಇಳಿಸಿ. ಕ್ಲಚ್ ಇರುವ ಟೂಲ್ ಆದರೆ ಸಾಕಾದಾಗ ತಾನೇ ಜಾರುತ್ತದೆ.

ಹೊರತೆಗೆದು ಬೆಳಕಿಗೆ ಹಿಡಿಯಿರಿ. ಒಳಮುಖ ಕನ್ನಡಿಯಂತೆ ನುಣ್ಣಗಿರಬೇಕು, ಸುತ್ತಲೂ ಒಂದೇ ಅಗಲ ಇರಬೇಕು. 1/4 ಇಂಚಿನ ಪೈಪಿಗೆ ಆ ಅಗಲ ಸುಮಾರು 9 ಮಿ.ಮೀ. ಬಿರುಕು, ಗೆರೆ, ಒಂದು ಕಡೆ ವಾಲಿದ್ದು ಕಂಡರೆ ಕತ್ತರಿಸಿ ಬಿಸಾಕಿ. ಅದನ್ನೇ ಮತ್ತೆ ಒತ್ತಿ ಸರಿಮಾಡಲು ಹೋಗಬೇಡಿ. ಒಂದು ಸಲ ಒತ್ತಿಸಿಕೊಂಡ ತಾಮ್ರ ಗಡಸಾಗಿರುತ್ತದೆ, ಎರಡನೇ ಸಲಕ್ಕೆ ಸೀಳುತ್ತದೆ.

ಜೋಡಿಸುವಾಗ ಪೈಪ್ ನೇರ ಇಟ್ಟು ನಟ್ಟನ್ನು ಬೆರಳಲ್ಲೇ ಪೂರ್ತಿ ತಿರುಗಿಸಿ. ಮೊದಲ ಸುತ್ತಿಗೇ ಸ್ಪ್ಯಾನರ್ ಬೇಕಾಯಿತೆಂದರೆ ಥ್ರೆಡ್ ಅಡ್ಡ ಹತ್ತಿದೆ ಅಂತಲೇ ಅರ್ಥ. ಆಮೇಲೆ ಎರಡು ಸ್ಪ್ಯಾನರ್: ಒಂದು ಫಿಟ್ಟಿಂಗನ್ನು ಹಿಡಿದಿರಲಿ, ಇನ್ನೊಂದು ನಟ್ ತಿರುಗಿಸಲಿ. 1/4 ಇಂಚಿನ ಎಸಿ ಪೈಪಿಗೆ ಸಾಮಾನ್ಯವಾಗಿ 14ರಿಂದ 18 ನ್ಯೂಟನ್ ಮೀಟರ್ ಬಿಗಿತ ಸಾಕು. ಜಾಸ್ತಿ ಬಿಗಿದರೆ ಫ್ಲೇರ್ ತೆಳುವಾಗಿ ಕತ್ತರಿಸಿಹೋಗುತ್ತದೆ.

ಕೊನೆಗೆ ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ ತುಂಬಿ, ಸಾಬೂನು ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ನೋಡಿ. ಸಣ್ಣ ಲೀಕ್ ತಕ್ಷಣ ತೋರುವುದಿಲ್ಲ, ಒಂದೆರಡು ನಿಮಿಷ ಕಾಯಿರಿ. ಆಕ್ಸಿಜನ್ ಮಾತ್ರ ಯಾವತ್ತೂ ತುಂಬಬೇಡಿ, ಎಣ್ಣೆ ತಾಗಿದರೆ ಸ್ಫೋಟವಾಗುತ್ತದೆ. ಅಡುಗೆ ಗ್ಯಾಸಿನ ಲೈನ್ ಆದರೆ ಅದಕ್ಕೆ ಅನುಮತಿ ಇರುವವರನ್ನೇ ಕರೆಯಿರಿ. ಕಾರಿನ ಬ್ರೇಕ್ ಪೈಪಿಗೂ ಈ ಫ್ಲೇರ್ ಸಲ್ಲ. ಅಲ್ಲಿನ ಉಕ್ಕಿನ ಪೈಪಿಗೆ ಅಂಚನ್ನು ಮಡಿಸಿ ಎರಡು ಪದರ ಮಾಡುವ ಡಬಲ್ ಫ್ಲೇರ್ ಸಾಮಾನ್ಯವಾಗಿ ಬೇಕು, ಅದರ ಟೂಲೇ ಬೇರೆ.