ನೂರು ಸಿಡಿ ಮಾಡಿಸಬೇಕು ಅಂದ್ರೆ ಯಾರ ಹತ್ರ ಹೋಗಬೇಕು?

ಪೆನ್‌ಡ್ರೈವ್ ಕಾಲದಲ್ಲಿ ಸಿಡಿ ಯಾಕೆ ಅಂತ ಕೇಳುವವರು ಕೇಳಲಿ ಬಿಡಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಭಜನಾ ಮಂಡಳಿಯವರು, ತತ್ವಪದ ಹಾಡುವವರು, ಮಠದಲ್ಲಿ ಪುರಾಣ ಹೇಳುವವರು ಈಗಲೂ ಸಿಡಿ ವಿಚಾರಿಸುತ್ತಾರೆ. ಯೂಟ್ಯೂಬ್‌ಗೆ ಹಾಕಿದ ಹಾಡನ್ನು ಯಾರ ಕೈಗೂ ಕೊಡಲು ಬರುವುದಿಲ್ಲ, ಅಲ್ವಾ? ಪುಣ್ಯತಿಥಿಗೆ ಬಂದ ಬೀಗರಿಗೆ, ದಾಸೋಹಕ್ಕೆ ಅಕ್ಕಿ ಕೊಟ್ಟವರಿಗೆ ಕೊಡಲು ಏನಾದರೂ ಕೈಯಲ್ಲಿರಬೇಕು. ಆದರೆ ಬೇಕಾಗಿರುವುದು ನೂರೋ ಇನ್ನೂರೋ. ಇಷ್ಟು ಕಡಿಮೆ ಅಂದ ಕೂಡಲೇ ದೊಡ್ಡ ಕಂಪನಿಯವರು ಮಾತು ಮುಗಿಸುತ್ತಾರೆ, ಸಣ್ಣವರು ಏನು ಕೇಳಿದರೂ "ಆಗುತ್ತೆ ಸಾರ್" ಅನ್ನುತ್ತಾರೆ. ಹಾಗಾಗಿ ರೇಟ್ ಆಮೇಲೆ ಕೇಳಿ. ಮೊದಲು ಕೆಲವು ಪ್ರಶ್ನೆ ಕೇಳಿ, ಅವರು ಕೊಡುವ ಉತ್ತರ ನೋಡಿಯೇ ಯಾರ ಹತ್ರ ಮಾಡಿಸಬೇಕು ಅನ್ನುವುದನ್ನು ತೀರ್ಮಾನಿಸಿ.

ಬರ್ನ್ ಮಾಡುತ್ತೀರಾ, ಪ್ರೆಸ್ ಮಾಡುತ್ತೀರಾ?

ಇದು ಮೊದಲ ಪ್ರಶ್ನೆ. ಎರಡೂ ಬೇರೆ ಬೇರೆ ಕೆಲಸ.

ಪ್ರೆಸ್ ಮಾಡುವುದು ಅಂದರೆ ಕಾರ್ಖಾನೆ ಕೆಲಸ. ನಿಮ್ಮ ಹಾಡಿನಿಂದ ಮೊದಲು ಗ್ಲಾಸ್ ಮಾಸ್ಟರ್, ಅಂದರೆ ಗಾಜಿನ ಮೂಲ ಪ್ರತಿ, ಮಾಡುತ್ತಾರೆ, ಅದರಿಂದ ನಿಕಲ್‌ನ ಸ್ಟ್ಯಾಂಪರ್ ತೆಗೆಯುತ್ತಾರೆ. ಕರಗಿಸಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಆ ಅಚ್ಚಿಗೆ ಒತ್ತಿ, ಮೇಲೆ ಅಲ್ಯೂಮಿನಿಯಂ ಪದರ ಕೊಟ್ಟು, ಅದರ ಮೇಲೆ ಲ್ಯಾಕರ್ ಹಚ್ಚುತ್ತಾರೆ. ಸ್ಟ್ಯಾಂಪರ್ ಖರ್ಚು ನೂರು ಡಿಸ್ಕಿಗೂ ಅಷ್ಟೇ, ಸಾವಿರ ಡಿಸ್ಕಿಗೂ ಅಷ್ಟೇ. ಅದಕ್ಕೇ ಪ್ರೆಸ್ ಮಾಡುವವರು ಸಾಮಾನ್ಯವಾಗಿ 500 ಅಥವಾ 1000ಕ್ಕಿಂತ ಕಮ್ಮಿ ಆರ್ಡರ್ ಹಿಡಿಯುವುದಿಲ್ಲ. 300ಕ್ಕೆ ಒಪ್ಪುವವರೂ ಇದ್ದಾರೆ, ಆದರೆ ಒಂದೊಂದು ಡಿಸ್ಕ್ ದುಬಾರಿ ಬೀಳುತ್ತದೆ.

ಬರ್ನ್ ಮಾಡುವುದು ನಿಮಗೆ ಗೊತ್ತಿರುವುದೇ. ಖಾಲಿ ಸಿಡಿ-ಆರ್ (ಒಂದು ಸಲ ಮಾತ್ರ ಬರೆಯಬಹುದಾದ ಸಿಡಿ) ತಂದು, ಏಳೆಂಟು ಡ್ರೈವ್ ಇರುವ ಟವರ್‌ನಲ್ಲಿ ಒಟ್ಟಿಗೆ ಹಾಕಿ, ಲೇಸರ್‌ನಿಂದ ಬರೆಯುವುದು. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಮದುವೆ ಡಿವಿಡಿ ಮಾಡಿಕೊಡುತ್ತಿದ್ದ ಸ್ಟುಡಿಯೋಗಳಲ್ಲಿ ಇಂಥ ಟವರ್ ಇನ್ನೂ ಇರಬಹುದು, ವಿಚಾರಿಸಿ. ಐವತ್ತು ಬೇಕೆಂದರೂ ಮಾಡಿಕೊಡುತ್ತಾರೆ.

ನನ್ನ ಲೆಕ್ಕ ಇಷ್ಟೇ. ಇನ್ನೂರರೊಳಗೆ ಬರ್ನ್ ಮಾಡಿಸಿ, ಐನೂರು ದಾಟಿದರೆ ಪ್ರೆಸ್ ಮಾಡಿಸಿ, ನಡುವೆ ಇದ್ದರೆ ಎರಡೂ ಕಡೆ ಕೊಟೇಶನ್ ತಗೊಂಡು ನೋಡಿ. ಪ್ರೆಸ್ ಚೆನ್ನಾಗಿರುತ್ತೆ ಅಂತ ಸುಮ್ನೆ 500 ಹೊಡೆಸಿ, ಮುನ್ನೂರನ್ನು ಮಂಡಳಿ ಅಧ್ಯಕ್ಷರ ಮನೆ ಅಟ್ಟದ ಮೇಲೆ ಇಟ್ಟವರನ್ನು ನಾನೇ ಬಲ್ಲೆ.

"ಪ್ರೆಸ್ಸೇ ಮಾಡ್ತೀವಿ" ಅಂದವರು ಬರ್ನ್ ಮಾಡಿ ಕೊಡುವುದೂ ಉಂಟು. ಕಂಡುಹಿಡಿಯುವುದು ಸುಲಭ. ಅವರು ಮೊದಲು ಮಾಡಿದ ಒಂದು ಡಿಸ್ಕ್ ಕೇಳಿ, ತಿರುಗಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಪ್ರೆಸ್ ಮಾಡಿದ್ದಾದರೆ ಕೆಳಭಾಗ ಅಪ್ಪಟ ಬೆಳ್ಳಿ ಬಣ್ಣ. ಬರ್ನ್ ಮಾಡಿದ್ದರಲ್ಲಿ ತಿಳಿ ಹಸಿರೋ ನೀಲಿಯೋ ಕಾಣುತ್ತದೆ, ಬರೆದ ಭಾಗ ಎಲ್ಲಿಗೆ ಮುಗಿಯಿತು ಅಂತ ಒಂದು ಗೆರೆಯೂ ಕಾಣುತ್ತದೆ. ಆಮೇಲೆ ನಡುವಿನ ತೂತಿನ ಸುತ್ತ ಕಣ್ಣಿಟ್ಟು ನೋಡಿ. ಕಾರ್ಖಾನೆಯಲ್ಲಿ ಪ್ರೆಸ್ ಆದ ಡಿಸ್ಕಿಗೆ ಅಲ್ಲಿ ಮ್ಯಾಟ್ರಿಕ್ಸ್ ನಂಬರ್, ಅಂದರೆ ಆ ಮಾಸ್ಟರಿನ ಗುರುತಿನ ನಂಬರ್, ಕೊರೆದಿರುತ್ತದೆ. ಬಹಳಷ್ಟರಲ್ಲಿ ಐಎಫ್‌ಪಿಐ ಅಂತ ಶುರುವಾಗುವ ಸಣ್ಣ ಕೋಡ್ ಕೂಡ ಇರುತ್ತದೆ, ಯಾವ ಕಾರ್ಖಾನೆಯದು ಅಂತ ಗುರುತಿಸಲು ಇಟ್ಟದ್ದು. ಫೋನಿನಲ್ಲಿ ಮಾತಾಡುವವರು ಏಜೆಂಟರಾಗಿದ್ದರೆ ತಪ್ಪೇನೂ ಇಲ್ಲ, ಆದರೆ ಡಿಸ್ಕ್ ಎಲ್ಲಿ ಆಗುತ್ತದೆ ಅಂತ ಕೇಳಿದಾಗ ನೇರವಾಗಿ ಹೇಳಬೇಕು. ಹೇಳದಿದ್ದರೆ ಬೇರೆಯವರನ್ನು ಹುಡುಕಿ.

ನಮ್ಮ ಬಿಸಿಲಿಗೆ ತಡೆಯುತ್ತಾ?

ಬೆಂಗಳೂರಿನವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಸಿಡಿ-ಆರ್ ಒಳಗೆ ಹಾಡು ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲಿಗೆ, ಕಾವಿಗೆ ಆ ಬಣ್ಣ ಕೆಡುತ್ತದೆ. ಏಪ್ರಿಲ್-ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಕೇಳಲೇಬೇಡಿ. ಬರ್ನ್ ಮಾಡಿಸುವುದಾದರೆ ಯಾವ ಕಂಪನಿಯ ಖಾಲಿ ಡಿಸ್ಕ್, ಯಾವಾಗ ತರಿಸಿದ್ದು ಅಂತ ಕೇಳಿ. ಥಾಲೋಸಯನಿನ್ ಬಣ್ಣದ ಡಿಸ್ಕ್ ಬೆಳಕಿಗೆ ಚೆನ್ನಾಗಿ ತಡೆಯುತ್ತದೆ, ಹಳೇ ಸಯನಿನ್ ಬಣ್ಣದ್ದು ಬೇಗ ಹೋಗುತ್ತದೆ. ಸ್ಪಿಂಡಲ್ (ಖಾಲಿ ಡಿಸ್ಕ್ ಪೇರಿಸಿಟ್ಟ ಡಬ್ಬಿ) ಮೇಲೆ ಮೋಸರ್ ಬೇರ್ ಅಂತ ಇದ್ದರೆ ತುಸು ಯೋಚಿಸಿ. ನಮ್ಮ ದೇಶದಲ್ಲಿ ಖಾಲಿ ಡಿಸ್ಕ್ ಮಾಡುತ್ತಿದ್ದ ದೊಡ್ಡ ಕಂಪನಿ ಅದು, 2018ರಲ್ಲಿ ಲಿಕ್ವಿಡೇಶನ್‌ಗೆ ಹೋಯಿತು. ಈಗ ಸಿಗುವುದು ಗೋಡೌನ್‌ನಲ್ಲಿ ಎಷ್ಟು ಬೇಸಿಗೆ ಕಂಡಿದೆಯೋ!

ಅಂಟಿಸುವ ಕಾಗದದ ಲೇಬಲ್ ಬೇಡವೇ ಬೇಡ. ಕಾವಿಗೆ ಅಂಟು ಬಿಡುತ್ತದೆ, ಅಂಚು ಏಳುತ್ತದೆ, ಕಾರಿನ ಪ್ಲೇಯರ್ ಒಳಗೆ ಸಿಕ್ಕಿಕೊಂಡರೆ ಡಿಸ್ಕೂ ಹೋಯಿತು, ಪ್ಲೇಯರೂ ಹೋಯಿತು. ಸರಿಯಾಗಿ ನಡುವೆ ಕೂರದಿದ್ದರೆ ಡಿಸ್ಕ್ ತಿರುಗುವಾಗ ಅಲುಗಾಡುತ್ತದೆ. ಡಿಸ್ಕಿನ ಮೇಲೆಯೇ ಪ್ರಿಂಟ್ ಮಾಡುವವರನ್ನು ಹುಡುಕಿ. ಇಂಕ್‌ಜೆಟ್ ಸಣ್ಣ ಆರ್ಡರಿಗೆ ಅಗ್ಗ, ಆದರೆ ಒದ್ದೆ ಕೈ ತಗುಲಿದರೆ ಬಣ್ಣ ಹರಡುತ್ತದೆ. ಸ್ಯಾಂಪಲ್ ಮೇಲೆ ಬೆರಳು ನೆನೆಸಿ ಉಜ್ಜಿ ನೋಡಿ, ಗೊತ್ತಾಗುತ್ತದೆ. ಕಾವಿನಿಂದ ಬಣ್ಣ ಕೂರಿಸುವ ಥರ್ಮಲ್ ಪ್ರಿಂಟ್ ಹಾಗೆ ಹರಡುವುದಿಲ್ಲ. ಪ್ರೆಸ್ ಆಗುವ ಡಿಸ್ಕಿಗೆ ಸ್ಕ್ರೀನ್ ಪ್ರಿಂಟ್ ಅಥವಾ ಆಫ್‌ಸೆಟ್ ಇರುತ್ತದೆ. ಸ್ವಾಮಿಗಳ ಫೋಟೋ ಹಾಕಬೇಕಿದ್ದರೆ ಆಫ್‌ಸೆಟ್, ಬರೀ ಹೆಸರು-ಚಿತ್ತಾರ ಇದ್ದರೆ ಸ್ಕ್ರೀನ್.

ಹಾಡು ಹೇಗೆ ಕೊಡಬೇಕು

ವಾಟ್ಸಾಪ್‌ನಲ್ಲಿ ಆಡಿಯೋ ಕಳಿಸಿ ಸಾಕು ಅನ್ನುವವರ ಹತ್ರ ಮಾಡಿಸಬೇಡಿ. ಸಿಡಿಗೆ ಬೇಕಾಗಿರುವುದು 16 ಬಿಟ್, 44.1 ಕಿಲೋಹರ್ಟ್ಸ್‌ನ ವೇವ್ ಫೈಲ್, ಅಂದರೆ ಎಂಪಿ3 ಥರ ಕುಗ್ಗಿಸದ ಫೈಲ್. ರೆಕಾರ್ಡಿಂಗ್ ಮಾಡಿದ ಸ್ಟುಡಿಯೋದವರು ಎಂಪಿ3 ಕೊಟ್ಟಿದ್ದರೆ ವಾಪಸ್ ಹೋಗಿ ವೇವ್ ಕೇಳಿ ತನ್ನಿ. ಎಂಪಿ3ಯಿಂದ ಮಾಡಿದ ಸಿಡಿಯಲ್ಲಿ ತಾಳದ ಸದ್ದು ನೀರೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಪ್ರೆಸ್ ಮಾಡುವವರು ಡಿಡಿಪಿ ಅನ್ನುವ ಫೈಲ್ ಕೇಳಬಹುದು. ಹಾಡು, ಹಾಡಿನ ನಡುವಿನ ಅಂತರ, ಕ್ರಮ ಎಲ್ಲ ಒಂದೇ ಕಟ್ಟಿನಲ್ಲಿ ಇರುವ ಮಾಸ್ಟರ್ ಅದು. ಮಾಸ್ಟರಿಂಗ್ ಮಾಡುವವರು ಮಾಡಿಕೊಡುತ್ತಾರೆ.

ಒಂದು ಆಡಿಯೋ ಸಿಡಿಯಲ್ಲಿ ಹಿಡಿಸುವುದು 80 ನಿಮಿಷ, ಹೆಚ್ಚೆಂದರೆ 99 ಟ್ರ್ಯಾಕ್. ಆದರೆ 74 ನಿಮಿಷದೊಳಗೆ ನಿಲ್ಲಿಸಿದರೆ ಹಳೇ ಪ್ಲೇಯರ್‌ಗಳು ತಕರಾರು ಮಾಡುವುದಿಲ್ಲ. ಪುರಾಣ ಪ್ರವಚನ ಗಂಟೆಗಟ್ಟಲೆ ಇದೆ ಅಂದರೆ ಎಂಪಿ3 ಡಿಸ್ಕ್ ಮಾಡಿಸಿ. 700 ಎಂಬಿಯಲ್ಲಿ 128 ಕೆಬಿಪಿಎಸ್ ಲೆಕ್ಕದಲ್ಲಿ ಸುಮಾರು 12 ಗಂಟೆ ಹಿಡಿಸುತ್ತದೆ. ಎಂಪಿ3 ಓದದ ಹಳೇ ಪ್ಲೇಯರ್‌ನಲ್ಲಿ ಮಾತ್ರ ಅದು ಓಡುವುದಿಲ್ಲ, ಕವರ್ ಮೇಲೆ ದೊಡ್ಡದಾಗಿ ಬರೆಸಿ.

ಬರ್ನ್ ಮಾಡುವವರಿಗೆ ಇನ್ನೂ ಎರಡು ಮಾತು ಹೇಳಿ. ಡಿಸ್ಕ್-ಅಟ್-ಒನ್ಸ್‌ನಲ್ಲಿ (ಇಡೀ ಡಿಸ್ಕನ್ನು ನಿಲ್ಲಿಸದೆ ಒಂದೇ ಸಲಕ್ಕೆ) ಬರೆಯಿರಿ, ಅವಸರ ಮಾಡಿ 52 ಸ್ಪೀಡ್‌ನಲ್ಲಿ ಓಡಿಸಬೇಡಿ, 16 ಅಥವಾ 24 ಸಾಕು. ಇದನ್ನು ಕೇಳಿ ಮುಖ ಮುಖ ನೋಡಿದರೆ ಅವರಿಗೆ ಕೆಲಸ ಗೊತ್ತಿಲ್ಲ ಅಂತಲೇ ಅರ್ಥ.

ಸ್ಯಾಂಪಲ್ ಇಲ್ಲದೆ ಆರ್ಡರ್ ಇಲ್ಲ

ಇದರಲ್ಲಿ ರಾಜಿ ಬೇಡ. ಬರ್ನ್ ಮಾಡುವವರಾದರೆ ಎರಡು ಡಿಸ್ಕ್ ಮಾಡಿಕೊಡಲು ಅರ್ಧ ಗಂಟೆ ಸಾಕು. ಪ್ರೆಸ್ ಮಾಡುವವರು ಸ್ಟ್ಯಾಂಪರ್ ಆಗುವ ಮೊದಲು ಕೇಳಿ ಒಪ್ಪಿಗೆ ಕೊಡಲು ಒಂದು ರೆಫರೆನ್ಸ್ ಡಿಸ್ಕ್ ಕೊಡಬೇಕು. ಅದನ್ನು ತಂದು ಒಳ್ಳೆಯ ಸಿಸ್ಟಮ್‌ನಲ್ಲಿ ಕೇಳಿ ತಲೆದೂಗಿದರೆ ಪ್ರಯೋಜನವಿಲ್ಲ. ನಿಮ್ಮ ಬಳಗದಲ್ಲಿ ಅತಿ ಹಳೇ ಪ್ಲೇಯರ್ ಯಾರ ಮನೆಯಲ್ಲಿದೆ ನೋಡಿ. ಟಿವಿ ಕೆಳಗೆ ಧೂಳು ತಿಂದ ಡಿವಿಡಿ ಪ್ಲೇಯರ್, ಕ್ರೂಸರ್ ಗಾಡಿಯ ಸ್ಟೀರಿಯೋ, ಮೈಕ್ ಸೆಟ್‌ನವರ ಡೆಕ್, ಇವುಗಳಲ್ಲಿ ಓಡಿಸಿ.

ಓಡಿಸುವಾಗ ಮೊದಲ ಹಾಡು ಕೇಳಿ ನಿಲ್ಲಿಸಬೇಡಿ. ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತದೆ, ಕೊನೆಯ ಹಾಡು ಹೊರ ಅಂಚಿನಲ್ಲಿರುತ್ತದೆ, ದೋಷ ಜಾಸ್ತಿ ಕಾಣುವುದು ಅಲ್ಲೇ. ಕೊನೆಯ ಎರಡು ಹಾಡನ್ನು ಪೂರ್ತಿ ಕೇಳಿ. ರಿಮೋಟ್‌ನಿಂದ ಒಂದರಿಂದ ಇನ್ನೊಂದಕ್ಕೆ ಹಾರಿಸಿ, ಹಾಡಿನ ಮೊದಲ ಅಕ್ಷರ ನುಂಗುತ್ತದಾ ನೋಡಿ. ಮಂಗಳ ಮುಗಿದ ಕೂಡಲೇ ಗಕ್ಕನೆ ಕಟ್ ಆಗುತ್ತದಾ ಅಂತಲೂ ಗಮನಿಸಿ. ದೊಡ್ಡ ಆರ್ಡರ್ ಆಗಿದ್ದರೆ ಎರರ್ ರಿಪೋರ್ಟ್ ಕೇಳಬಹುದು. ಸಿ2 (ಗಂಭೀರ ದೋಷ) ಸೊನ್ನೆ ಇರಬೇಕು, ಸಿ1 (ಪ್ಲೇಯರ್ ತಾನೇ ಸರಿಪಡಿಸಿಕೊಳ್ಳುವ ಸಣ್ಣ ದೋಷ) ಸೆಕೆಂಡಿಗೆ ಸರಾಸರಿ 220 ದಾಟಬಾರದು, ಒಳ್ಳೆಯ ಡಿಸ್ಕ್‌ನಲ್ಲಿ ಇದು ಬಹಳ ಕೆಳಗಿರುತ್ತದೆ.

ಕವರ್ ಮೇಲಿನ ಕನ್ನಡ

ಹೊರಗಿನವರ ಹತ್ರ ಮಾಡಿಸುವಾಗ ಜಾಸ್ತಿ ಕೆಡುವುದು ಇದೇ. ನಮ್ಮ ಡಿಟಿಪಿ ಅಂಗಡಿಯವರು ನುಡಿ ಫಾಂಟ್‌ನಲ್ಲಿ ಕೋರಲ್‌ಡ್ರಾ ಫೈಲ್ ಮಾಡಿ ಕಳಿಸುತ್ತಾರೆ. ಮುಂಬೈನವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರುವುದಿಲ್ಲ. ಅಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಂಗೂ ಹಿಂಗೂ ಸರಿ ಮಾಡಲು ಹೋಗಿ ಒತ್ತಕ್ಷರ ಬಿಟ್ಟು, ಅರ್ಕಾವತ್ತು ಬೇರೆ ಅಕ್ಷರಕ್ಕೆ ಹಾಕಿ ಪ್ರಿಂಟ್ ಮಾಡಿದರೆ ಅಲ್ಲಿ ಓದಿ ಹಿಡಿಯುವವರು ಯಾರೂ ಇಲ್ಲ. ಆದ್ದರಿಂದ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ (ಫಾಂಟ್ ಇಲ್ಲದೆಯೂ ಕಾಣುವ ಗೆರೆಚಿತ್ರಕ್ಕೆ) ಬದಲಾಯಿಸಿ ಪಿಡಿಎಫ್ ಕಳಿಸಿ. 300 ಡಿಪಿಐ, ಸಿಎಂವೈಕೆ (ಪ್ರಿಂಟಿನ ನಾಲ್ಕು ಬಣ್ಣದ ಲೆಕ್ಕ), ಸುತ್ತ 3 ಮಿಮೀ ಹೆಚ್ಚುವರಿ ಅಂಚು. ಅವರದೇ ಟೆಂಪ್ಲೇಟ್ ತರಿಸಿ ಅದರ ಮೇಲೆ ವಿನ್ಯಾಸ ಮಾಡಿಸಿ. ಪ್ರೂಫ್ ಬಂದಾಗ ಮೊಬೈಲ್‌ನಲ್ಲಿ ನೋಡಿ ಓಕೆ ಹೇಳಬೇಡಿ, ಪ್ರಿಂಟ್ ತೆಗೆಸಿ, ವಿನ್ಯಾಸ ಮಾಡದ ಒಬ್ಬರ ಕೈಗೆ ಕೊಟ್ಟು ಓದಿಸಿ. ದಾನಿಗಳ ಹೆಸರಂತೂ ಅಕ್ಷರ ಅಕ್ಷರ ನೋಡಿ. ಹಾಡು ತಪ್ಪಿದರೆ ಕ್ಷಮಿಸಿಯಾರು, ಹೆಸರು ತಪ್ಪಿದರೆ ಇಲ್ಲ.

ಸಿಡಿ-ಟೆಕ್ಸ್ಟ್‌ನಲ್ಲಿ (ಡಿಸ್ಕ್ ಒಳಗೇ ಬರೆಯುವ ಹಾಡಿನ ಹೆಸರು) ಕನ್ನಡ ಅಕ್ಷರ ಬರುವುದಿಲ್ಲ. ಕಾರಿನ ಪರದೆ ಮೇಲೆ ಹಾಡಿನ ಹೆಸರು ಕಾಣಬೇಕಿದ್ದರೆ ಇಂಗ್ಲಿಷ್ ಲಿಪಿಯಲ್ಲೇ ಕೊಡಿ.

ಹಕ್ಕಿನ ಕಾಗದ ಕೇಳುತ್ತಾರಾ?

ಹಕ್ಕು ಯಾರದು ಅಂತ ಬರೆದುಕೊಡಿ ಅಂತ ಕೇಳುವವರು ಒಳ್ಳೆಯವರು ಅಂತಲೇ ತಿಳಿಯಿರಿ, ಕಿರಿಕಿರಿ ಅಂದುಕೊಳ್ಳಬೇಡಿ. ವಿಜಯದಾಸರು, ಜಗನ್ನಾಥದಾಸರು, ಶಿಶುನಾಳ ಷರೀಫರ ಪದಗಳಿಗೆ ಯಾರ ಅನುಮತಿಯೂ ಬೇಡ. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಸಾಹಿತ್ಯದ ಹಕ್ಕು ಮುಗಿಯುತ್ತದೆ. ತೊಡಕು ಬರುವುದು ಧಾಟಿಯಲ್ಲಿ. ಪದ ದೇವರದ್ದು, ಧಾಟಿ ಸಿನಿಮಾದ್ದು, ನಮ್ಮ ಭಜನೆಗಳಲ್ಲಿ ಇದು ಮಾಮೂಲು. ಗುಡಿಯಲ್ಲಿ ಹಾಡಿದರೆ ಯಾರೂ ಕೇಳಲಿಕ್ಕಿಲ್ಲ, ಸಿಡಿ ಮಾಡಿಸಿದರೆ ಆ ಸಂಗೀತದ ಹಕ್ಕಿರುವವರು ಕೇಳಬಹುದು. ಅಂಥ ಹಾಡು ಬಿಡಿ, ಇಲ್ಲವೇ ಧಾಟಿ ಬದಲಿಸಿ.

ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಾಪಿರೈಟ್ ಕಾಯ್ದೆಯ 52ಎ ಸೆಕ್ಷನ್ ಪ್ರಕಾರ ಡಿಸ್ಕ್ ಮೇಲೂ ಕವರ್ ಮೇಲೂ ಮೂರು ವಿಷಯ ಇರಲೇಬೇಕು: ರೆಕಾರ್ಡಿಂಗ್ ಮಾಡಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದಲು ಪ್ರಕಟವಾದ ವರ್ಷ. ಸುಮ್ನೆ ಹಂಚುವುದಾದರೂ ಹಾಕಿಸಿ. ಬಾರ್‌ಕೋಡ್, ಐಎಸ್‌ಆರ್‌ಸಿ ಕೋಡ್ (ಒಂದೊಂದು ರೆಕಾರ್ಡಿಂಗ್ ಗುರುತಿಸುವ ನಂಬರ್) ಎಲ್ಲ ಬೇಕಾಗುವುದು ಅಂಗಡಿಗೆ, ಆನ್‌ಲೈನ್‌ಗೆ ಹಾಕುವವರಿಗೆ; ಸುಮ್ನೆ ಹಂಚುವವರಿಗೆ ಬೇಕಿಲ್ಲ.

ದುಡ್ಡು, ಪ್ಯಾಕಿಂಗ್, ದಿನ

ರೇಟ್ ಈಗ ಕೇಳಿ. ಡಿಸ್ಕ್, ಅದರ ಮೇಲಿನ ಪ್ರಿಂಟ್, ಕವರ್, ಪ್ಯಾಕಿಂಗ್, ಜಿಎಸ್‌ಟಿ, ಸಾಗಣೆ ಇವೆಲ್ಲ ಬೇರೆ ಬೇರೆ ಬರೆದ ಕೊಟೇಶನ್ ತಗೊಳ್ಳಿ. "ಒಂದಕ್ಕೆ ಇಷ್ಟು" ಅಂತ ಬಾಯಿಮಾತಲ್ಲಿ ಹೇಳುವ ರೇಟಿನಲ್ಲಿ ಕವರ್ ಇರುವುದೇ ಇಲ್ಲ. ಪ್ರೆಸ್ ಕೆಲಸದಲ್ಲಿ ಶೇ. 10ರಷ್ಟು ಹೆಚ್ಚುಕಮ್ಮಿ ಬರುವ ರೂಢಿ ಇದೆ, 500 ಹೇಳಿದರೆ 450 ಬಂದೀತು, 550ಕ್ಕೆ ಬಿಲ್ಲೂ ಬಂದೀತು. ಮೊದಲೇ ಮಾತಾಡಿ. ಮತ್ತೆ ಬೇಕಾದರೆ ಸ್ಟ್ಯಾಂಪರ್ ಎಷ್ಟು ದಿನ ಇಟ್ಟಿರುತ್ತಾರೆ ಅಂತಲೂ ಕೇಳಿ.

ಗಟ್ಟಿ ಪ್ಲಾಸ್ಟಿಕ್ ಡಬ್ಬಿ ನೋಡಲು ಚೆಂದ, ಆದರೆ ನಮ್ಮ ಕಡೆ ಬರುವ ಪಾರ್ಸೆಲ್ ಎಷ್ಟು ಸಲ ಎತ್ತಿ ಹಾಕುತ್ತಾರೆ ಅಂತ ಗೊತ್ತಲ್ಲ, ಮುಚ್ಚಳದ ಕಿವಿ ಮುರಿದೇ ಬರುತ್ತದೆ. ತೂಕವೂ ಜಾಸ್ತಿ, ಐನೂರು ಡಬ್ಬಿ ಹೆಚ್ಚು ಕಮ್ಮಿ ಐವತ್ತು ಕೆಜಿ. ಹಂಚುವುದಕ್ಕಾದರೆ ದಪ್ಪ ರಟ್ಟಿನ ಕವರ್ ಸಾಕು. ಕವರನ್ನು ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಆಫ್‌ಸೆಟ್ ಪ್ರೆಸ್‌ನಲ್ಲಿ ಮಾಡಿಸಿ, ಡಿಸ್ಕ್ ಮಾತ್ರ ಹೊರಗಿನಿಂದ ತರಿಸಿದರೆ ಕನ್ನಡದ ಪ್ರೂಫ್ ಎದುರೇ ನೋಡಬಹುದು. ನನಗೆ ಇದೇ ಸರಿ ಅನಿಸುತ್ತದೆ. ಕವರಿಗೆ ಕಿನ್ನಾಳದ ಗೊಂಬೆಯ ಚಿತ್ರ ಹಾಕಿಸಿದರೆ ಇನ್ನೂ ಚೆಂದ, ಅದು ಬೇರೆ ಮಾತು.

ಜನವರಿ ಹೊತ್ತಿಗೆ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆಗೆ ಬೇಕಿದ್ದರೆ ದೀಪಾವಳಿ ಹೊತ್ತಿಗೇ ಮಾತು ಮುಗಿಸಿ. ಡಿಸೆಂಬರ್‌ನಲ್ಲಿ ಪ್ರೆಸ್‌ನವರೆಲ್ಲ (ಕವರ್ ಅಚ್ಚು ಹಾಕುವವರು) ಕ್ಯಾಲೆಂಡರ್ ಕೆಲಸದಲ್ಲಿ ಮುಳುಗಿರುತ್ತಾರೆ, ನಿಮ್ಮ ಇನ್ನೂರು ಕವರ್ ಅವರ ಕಣ್ಣಿಗೂ ಬೀಳುವುದಿಲ್ಲ.

ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಮಾಲು ಬಂದ ಮೇಲೆ ಒಂದೊಂದು ಪೆಟ್ಟಿಗೆಯ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಡಿಸ್ಕ್ ತೆಗೆದು ಅದೇ ಹಳೇ ಪ್ಲೇಯರ್‌ನಲ್ಲಿ ಓಡಿಸಿ, ಓದದೇ ಇರುವುದನ್ನು ಎಣಿಸಿ ಫೋಟೋ ಸಮೇತ ಅವರಿಗೆ ಕಳಿಸಿ, ಬದಲಿ ಯಾವಾಗ ಕೊಡುತ್ತಾರೆ ಅಂತ ಬರೆಸಿಕೊಂಡ ಮೇಲೆ ಬಾಕಿ ಹಣ ಹಾಕಿ.