ಕರೆಂಟು ಹೋದರೂ ಮೆಸೇಜ್ ಉಳಿಯಬೇಕು: ಲ್ಯಾಪ್‌ಟಾಪಿನಲ್ಲಿ ರ‍್ಯಾಬಿಟ್‌ಎಂಕ್ಯೂ

ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು ಅಡಿಕೆ ವ್ಯಾಪಾರಕ್ಕೆ ಸಾಫ್ಟ್‌ವೇರ್ ಬರೆಯುತ್ತೇನೆ. ಕಾಟಾದಲ್ಲಿ ಆದ ತೂಕ ಬಿಲ್ಲಿನ ಪ್ರೋಗ್ರಾಮಿಗೆ ಹೋಗಬೇಕು. ಅದು ನಿಂತಿದ್ದರೆ ತೂಕ ಕಾಯಬೇಕು. ಹಾಗಾಗಿ ನಡುವೆ ರ‍್ಯಾಬಿಟ್‌ಎಂಕ್ಯೂ ಇಟ್ಟಿದ್ದೇನೆ. ಅದು ಮೆಸೇಜುಗಳನ್ನು ಕ್ಯೂನಲ್ಲಿ, ಅಂದರೆ ಸಾಲಾಗಿ ಇಟ್ಟುಕೊಂಡು ಓದುವ ಪ್ರೋಗ್ರಾಮಿಗೆ ತಲುಪಿಸುವ ಮಧ್ಯವರ್ತಿ ಪ್ರೋಗ್ರಾಮ್; ಮುಂದೆ ಬ್ರೋಕರ್ ಎಂದಿರುವುದು ಇದನ್ನೇ. ಚಾಲಿಯ (ಒಣಗಿಸಿ ಸುಲಿದ ಅಡಿಕೆ) ಒಂದು ಲಾಟ್ ತಪ್ಪಿಹೋದರೆ ಅದು ಒಬ್ಬ ರೈತರ ದುಡ್ಡು ಅಲ್ವಾ? ನಮ್ಮ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು.

ನೇರವಾಗಿ ಇನ್‌ಸ್ಟಾಲ್ ಮಾಡಿದರೆ ಅದು ಓಡಲು ಬೇಕಾದ ಎರ್ಲಾಂಗ್ ಭಾಷೆಯ ಹೊಂದುವ ಆವೃತ್ತಿ ಹುಡುಕಬೇಕು. ಪ್ರೋಗ್ರಾಮನ್ನು ಬೇಕಾದ ಎಲ್ಲದರ ಜೊತೆ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಡಾಕರ್ ಸುಲಭ. ಟ್ಯಾಗಿನಲ್ಲಿ ‘ಮ್ಯಾನೇಜ್‌ಮೆಂಟ್’ ಎಂದಿರುವ ಅಧಿಕೃತ ಇಮೇಜನ್ನೇ (ಕಂಟೇನರ್ ತಯಾರಾಗುವ ಪೊಟ್ಟಣ) ತೆಗೆದುಕೊಳ್ಳಿ. ಪೇಟೆಗೆ ಹೋದಾಗ, ನೆಟ್ ಚೆನ್ನಾಗಿರುವಲ್ಲಿ ಇಳಿಸಿಕೊಂಡು ಬನ್ನಿ.

ಪ್ರೋಗ್ರಾಮುಗಳಿಗೆ ಪೋರ್ಟ್ 5672, ಬ್ರೌಸರಿಗೆ 15672. ಎರಡನ್ನೂ 127.0.0.1ಕ್ಕೆ, ಅಂದರೆ ಇದೇ ಲ್ಯಾಪ್‌ಟಾಪಿಗೆ ಮಾತ್ರ ಕಟ್ಟಿ. ಹಾಗೆ ಕಟ್ಟದಿದ್ದರೆ, ಹೆಸರು, ಪಾಸ್‌ವರ್ಡ್ ಎರಡೂ ‘ಗೆಸ್ಟ್’ ಆಗಿರುವುದರಿಂದ ಅದೇ ವೈಫೈನಲ್ಲಿರುವ ಯಾರು ಬೇಕಾದರೂ ಒಳಗೆ ಬರಬಹುದು.

ಡೇಟಾ ಉಳಿಯಲು /ವಾರ್/ಲಿಬ್/ರ‍್ಯಾಬಿಟ್‌ಎಂಕ್ಯೂ ಜಾಗಕ್ಕೆ ಒಂದು ವಾಲ್ಯೂಮ್ (ಕಂಟೇನರ್ ತೆಗೆದರೂ ಉಳಿಯುವ ಡಿಸ್ಕಿನ ಜಾಗ) ಕೊಡಿ. ಅಷ್ಟೇ ಸಾಲದು. ಹೋಸ್ಟ್‌ನೇಮ್ (ಕಂಟೇನರಿನ ಹೆಸರು ನೆಟ್‌ವರ್ಕಿನಲ್ಲಿ) ಕೂಡ ನೀವೇ ಕೊಡಿ, ನಾನು ‘ಶಿರಸಿ’ ಎಂದೇ ಇಟ್ಟಿದ್ದೇನೆ. ಬ್ರೋಕರ್ ತನ್ನ ಡೇಟಾವನ್ನು ಹೋಸ್ಟ್‌ನೇಮ್ ಸೇರಿದ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ನೀವು ಕೊಡದಿದ್ದರೆ ಪ್ರತಿ ಹೊಸ ಕಂಟೇನರಿಗೂ ಡಾಕರ್ ಬೇರೆ ಹೆಸರು ಹಾಕುತ್ತದೆ. ಆಗ ವಾಲ್ಯೂಮ್ ಇದ್ದರೂ ಕ್ಯೂ ಖಾಲಿ ಕಾಣುತ್ತದೆ.

ಇನ್ನು ನಿಮ್ಮ ಕೋಡ್. ಕ್ಯೂ ‘ಡ್ಯೂರಬಲ್’ ಆಗಿದ್ದರೆ ಬ್ರೋಕರ್ ಮತ್ತೆ ಶುರುವಾದಾಗಲೂ ಕ್ಯೂ ಉಳಿಯುತ್ತದೆ. ಒಳಗಿನ ಮೆಸೇಜ್ ಉಳಿಯಬೇಕಾದರೆ ಅದರ ಡೆಲಿವರಿ ಮೋಡ್ 2 (ಡಿಸ್ಕಿನಲ್ಲಿ ಉಳಿಸು ಎಂಬ ಗುರುತು) ಇರಬೇಕು. ಮೂರನೆಯದನ್ನು ತುಂಬ ಜನ ಬಿಡುತ್ತಾರೆ: ಪಬ್ಲಿಷರ್ ಕನ್ಫರ್ಮ್. ಮೆಸೇಜ್ ಡಿಸ್ಕಿಗೆ ಬಿದ್ದ ಮೇಲೇ ಬ್ರೋಕರ್ ಆ ಉತ್ತರ ಕಳಿಸುತ್ತದೆ. ಅದು ಬರುವ ತನಕ ಕಾಟಾದ ಕಡೆಯವರಿಗೆ ‘ಸೇವ್ ಆಯಿತು’ ಎಂದು ತೋರಿಸಬೇಡಿ. ಓದುವ ಕಡೆ, ಅಂದರೆ ಬಿಲ್ಲಿನ ಪ್ರೋಗ್ರಾಮಿನಲ್ಲಿ, ಆಟೋ ಆ್ಯಕ್ (ಮೆಸೇಜ್ ಸಿಕ್ಕಿತು ಎಂದು ತಾನಾಗಿ ಹೋಗುವ ಒಪ್ಪಿಗೆ) ತೆಗೆದುಬಿಡಿ, ಬಿಲ್ ಬರೆದಾದ ಮೇಲೆ ಆ್ಯಕ್ ಕಳಿಸಿ.

ಈಗ ಪರೀಕ್ಷೆ. ಓದುವ ಪ್ರೋಗ್ರಾಮ್ ನಿಲ್ಲಿಸಿ, ಒಂದಷ್ಟು ಲಾಟ್ ಕಳಿಸಿ. ಡಾಕರ್ ಸ್ಟಾಪ್ ಬೇಡ, ಅದು ಬ್ರೋಕರಿಗೆ ಎಲ್ಲ ಸರಿಮಾಡಿಕೊಳ್ಳಲು ಸಮಯ ಕೊಡುತ್ತದೆ. ಡಾಕರ್ ಕಿಲ್ ಹೊಡೆಯಿರಿ. ಕರೆಂಟು ಹೋದದ್ದಕ್ಕೆ ಅದೇ ಹತ್ತಿರ. ಮತ್ತೆ ಶುರುಮಾಡಿ ಬ್ರೌಸರಿನಲ್ಲಿ ‘ರೆಡಿ’ (ಕಾಯುತ್ತಿರುವ ಮೆಸೇಜ್) ಸಂಖ್ಯೆ ನೋಡಿ. ಕನ್ಫರ್ಮ್ ಬಂದ ಲಾಟ್ ಎಲ್ಲವೂ ಅಲ್ಲಿರಬೇಕು.

ಬಿಲ್ ಬರೆದು ಆ್ಯಕ್ ಹೋಗುವ ಮೊದಲೇ ಓದುವ ಪ್ರೋಗ್ರಾಮ್ ಸತ್ತರೆ ಅದೇ ಲಾಟ್ ಇನ್ನೊಮ್ಮೆ ಬರುತ್ತದೆ. ಇದನ್ನು ಬ್ರೋಕರ್ ತಡೆಯುವುದಿಲ್ಲ. ಡೇಟಾಬೇಸಿನಲ್ಲಿ ಲಾಟ್ ನಂಬರಿಗೆ ಯೂನಿಕ್ (ಒಂದು ನಂಬರ್ ಒಮ್ಮೆ ಮಾತ್ರ) ನಿಯಮ ಹಾಕಿ, ಎರಡನೇ ಬಿಲ್ ಅಲ್ಲೇ ನಿಲ್ಲುತ್ತದೆ.